ಚಾಕುವಿನ ಅಲಗಿನ ಮ್ಯಾಲ ನಾಲಿ ಯಾತಕ್ಕ? ಮಾವನ ಜೊತಿ ಸುಸ್ಲಾ-ಮಿರ್ಚಿ ಪಂಥ ಬಿದ್ದದ

ತೊಗರಿ ಹೊಲ (ಕಲಬುರಗಿ)

ಅಪ್ಪನ ಜಾತ್ರ್ಯಾಗ, ಶರಣಬಸವೇಶ್ವರ ಗುಡಿ ಮುಂದ, ಒಂದು ಚಾಕು ತೊಗೊಂಡೆ. 350 ಹೇಳ್ದಾವ 220ಕ್ಕ ಕೊಟ್ಟ. ಅಲಗು ಗೇಣಿನಕಿಂತ ಜರಾ ಸಣ್ಣದು, ಕಟಗಿ ಹಿಡಿ, ಎರಡೂ ಮೈಗೆ ಬೆನ್ನಿನ ಬಾಜೂಕ ಉದ್ದಕ ಒಂದೊಂದು ನಾಲಿ ಕೊರದಾರ. ನನಗ ಬೇಕಾಗಿದ್ದು ತೊಗರಿ ಚೀಲದ ಸುತಳಿ ಕೊಯ್ಲಾಕ, ಬ್ಯಾಸಗ್ಯಾಗ ಕಲ್ಲಂಗಡಿ ಹೆಚ್ಲಾಕ, ಅಷ್ಟೇ.

ಈ ನಾಲಿ ಯಾತಕ್ಕಪಾ ಅಂತ ಕೇಳಿದ್ರ ಅಂಗಡ್ಯಾವ ದನಿ ಸಣ್ಣ ಮಾಡಿ, "ಖೂನ್ ಹರಿಯೋ ನಾಲಿ ಅದ ಅಣ್ಣಾ" ಅಂದ. ಬಾಜೂಕ ನಿಂತ ನಮ್ಮ ಮಾವ ತಲಿ ಅಲ್ಲಾಡಿಸಿ, "ಖರೇ ಅದ, ಅದಿಲ್ಲಂದ್ರ ಚುಚ್ಚಿದ ಚಾಕು ಹೊಳ್ಳಿ ಬರಂಗಿಲ್ಲ" ಅಂದ್ರು. ಮಾವ ಜಿಂದಗ್ಯಾಗ ಒಂದು ಕೋಳಿ ಕೊಯ್ದಾವರಲ್ಲ, ಆದ್ರೂ ಅಷ್ಟು ಗಟ್ಟಿಯಾಗಿ ಹೇಳಿದ್ರು. ನಾ ಸುಳ್ಳು ಅಂದೆ. ಪಂಥ ಬಿತ್ತು. ಸೋತಾವ ಮನಿ ಮಂದಿಗೆಲ್ಲ ಸುಸ್ಲಾ-ಮಿರ್ಚಿ ತಿನ್ನಿಸಬೇಕು. ಒಂಬತ್ತು ಮಂದಿ ಹೀವಿ. ತಿಳದಾವ್ರು ಹೇಳ್ರಿ.

ಬ್ರಹ್ಮಪುರ ಹುಡುಗ

ಮಾವ ಗೆದ್ರು, ಭಜಿ ಎಣ್ಣಿ ಇಡ್ರಿ. ಅಣ್ಣಾ, ಇದು ಸಾದಾ ಸೈನ್ಸ್ ಅದ. ಅಲಗು ಒಳಗ ಹೋದ್ರ ಸುತ್ತ ಮಾಂಸ ಬಿಗಿ ಹಿಡೀತದ, ಗಾಳಿ ಹೋಗ್ಲಾಕ ದಾರಿ ಇರಂಗಿಲ್ಲ. ಎಳೆಯೋ ಹೊತ್ತಿಗಿ ಒಳಗ ಖಾಲಿ ಜಾಗ ಆಗಿ ಹೀರಿ ಹಿಡೀತದ. ನಾಲಿ ಇದ್ರ ಗಾಳಿ ಒಳಗ ಹೋಗ್ತದ, ಚಾಕು ಸರಕ್ ಅಂತ ಬರ್ತದ. ಹಿಂದಿ ಪಿಚ್ಚರ್‌ದಾಗೂ ಹೇಳ್ಯಾರ.

ಚೌಕ್ ಮಟನ್

ಪಿಚ್ಚರ್ ಬಿಡು ತಮ್ಮಾ. ನಾ 26 ವರ್ಷದಿಂದ ಚೌಕ್ ಹತ್ರ ಅಂಗಡಿ ಇಟ್ಟೀನಿ. ದಿನಾ ಮುಂಜಾನಿ ಐದಕ್ಕ ಚಾಕು ಹಿಡದ್ರ ಮಧ್ಯಾಹ್ನ ಎರಡಕ್ಕ ಇಡೋದು. ನನ್ನ ಹತ್ರ ಒಂಬತ್ತು ಚಾಕು ಅವ, ಒಂದಕ್ಕೂ ನಾಲಿ ಇಲ್ಲ, ಎಲ್ಲಾ ಸಪಾಟ. ತೊಡಿ ಒಳಗ ಹಿಡಿತನಕ ಹೋಗ್ತದ, ಹಂಗೇ ಬರ್ತದ. ಇವತ್ತಿನತನಕ ಒಮ್ಮೀನೂ ಹೀರಿ ಹಿಡದಿಲ್ಲ. ಸಿಗಾಕ್ಕೊಂಡದ್ದು ಅಂದ್ರ ಎಲುಬಿನ ಸಂದ್ಯಾಗ. ಅಲ್ಲಿ ನಾಲಿ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ, ಜರಾ ತಿರುವಿ ಬಿಡಿಸಬೇಕು.

ಇನ್ನೊಂದು ಮಾತು. ನಾಲಿ ಇದ್ದ ಚಾಕು ಒಮ್ಮಿ ಒಬ್ಬ ಗಿರಾಕಿ ಕೊಟ್ಟಿದ್ದ. ನಾಲ್ಯಾಗ ಚರಬಿ ಕುಂತು ಗಟ್ಟಿ ಆಗ್ತದ. ಬಿಸಿ ನೀರು ಹಾಕಿ ಉಗುರಿಲೆ ಕೆರೀಬೇಕು. ಎರಡು ದಿನ ಬಿಟ್ರ ವಾಸನಿ. ಚಾಕು ಹೊಳ್ಳಿ ತರ್ಲಾಕ ನಾಲಿ ಉಪಯೋಗ ಆಗ್ತಿದ್ರ ಊರಾಗಿನ ಎಲ್ಲಾ ಕಸಾಯಿ ಚಾಕುಗಳಿಗೆ ಅದು ಇರ್ತಿತ್ತು.

ಬ್ರಹ್ಮಪುರ ಹುಡುಗ

ಚಾಚಾ, ನೀವು ಕೊಯ್ಯೋದು ಸತ್ತ ಮಾಂಸ. ಜೀವ ಇದ್ದದ್ದು ಬ್ಯಾರೆ.

ಚೌಕ್ ಮಟನ್

ಜೀವ ಇದ್ದಾಗ ರಕ್ತ ಇರ್ತದ, ರಕ್ತ ಇದ್ರ ಜಾರ್ತದ. ಅದಕ್ಕಿಂತ ಜಾಸ್ತಿ ನಾ ಇಲ್ಲಿ ಬರಿಯಂಗಿಲ್ಲ, ಹೆಣ್ಮಕ್ಕಳು ಓದ್ತಾರ.

ಪಾಲಿಟೆಕ್ನಿಕ್ ಮಾಸ್ತರ

ಮಟನ್ ಅಂಗಡಿಯವರ ಮಾತು ಸರಿ. ಹೀರಿ ಹಿಡಿಯಬೇಕಾದರೆ ಒಳಗೆ ಖಾಲಿ ಜಾಗ ಉಳಿಯಬೇಕು. ಮಾಂಸ ಮೆತ್ತಗಿನ, ಒದ್ದೆ ವಸ್ತು. ಅಲಗು ಹಿಂದಕ್ಕೆ ಬಂದಷ್ಟೂ ಅದು ಕೂಡಿಕೊಳ್ಳುತ್ತ ಬರುತ್ತದೆ, ಖಾಲಿ ಜಾಗ ಆಗುವುದೇ ಇಲ್ಲ. ಇಂಗ್ಲಿಷ್‌ನಲ್ಲಿ ಇದಕ್ಕೆ 'ಬ್ಲಡ್ ಗ್ರೂವ್' ಅನ್ನುವ ಅಡ್ಡಹೆಸರು ಅಂಟಿಕೊಂಡು ಆ ಕಥೆ ಲೋಕವೆಲ್ಲ ತಿರುಗುತ್ತಿದೆ. ಕತ್ತಿ ಮಾಡುವವರು ಅದನ್ನು ಕರೆಯುವುದು 'ಫುಲ್ಲರ್' ಎಂದು.

ನಿಜವಾದ ಕಾರಣ ಬೇಕಾದರೆ ವಾಡಿ ಜಂಕ್ಷನ್‌ಗೆ ಹೋಗಿ ಹಳಿ ನೋಡಿ. ಮೇಲೆ ದಪ್ಪ ತಲೆ, ಕೆಳಗೆ ಅಗಲ ಪಾದ, ನಡುವೆ ತೆಳು ಸೊಂಟ. ಕಟ್ಟಡದ ಗರ್ಡರ್ ಸಹ ಹಾಗೆಯೇ. ಭಾರ ತಡೆಯುವ ಕೆಲಸವನ್ನು ಹೊರ ಅಂಚಿನ ಕಬ್ಬಿಣ ಮಾಡುತ್ತದೆ, ನಡುವಿನದ್ದು ಹೆಚ್ಚು ಮಾಡುವುದಿಲ್ಲ. ಅದನ್ನು ತೆಗೆದರೆ ತೂಕ ಇಳಿಯುತ್ತದೆ, ಶಕ್ತಿ ಉಳಿಯುತ್ತದೆ. ಚಾಕುವಿನ ತೋಡು ಅಂದರೆ ಅದೇ. ತೋಡಿನಿಂದ ಅಲಗಿಗೆ ಬಲ ಬರುತ್ತದೆ.

ತೊಗರಿ ಹೊಲ (ಕಲಬುರಗಿ)

ಮಾವನಿಗಿ ತೋರಸ್ದೆ. "ಮಾಸ್ತರ ಚಾಕು ಹಿಡದು ಯಾರಿಗರೆ ಚುಚ್ಯಾನೇನು?" ಅಂತ ಕೇಳ್ಳಕತ್ತಾರ.

ಗಂಜ್ ಲೇಥ್

ಮಾಸ್ತರ್ರೇ, ಮೊದಲಿನ ಅರ್ಧ ಒಪ್ಪೀನಿ, ಕಡೀ ಸಾಲು ಒಪ್ಪಂಗಿಲ್ಲ. ಕಬ್ಬಿಣ ತೆಗದ್ರ ಬಲ ಬರ್ತದ ಅಂದ್ರ ಪೂರಾ ತೆಗದು ಬಿಡ್ರಿ, ಭೀಮ ಆಗ್ತದ! 30 ವರ್ಷದಿಂದ ಲೋಹ ಕೆತ್ತಲಕತ್ತೀನಿ. ಎಲ್ಲಿ ತೆಳು ಮಾಡೀವಿ ಅಲ್ಲೇ ಬಾಗ್ತದ, ಅಲ್ಲೇ ಮುರೀತದ.

ಹಳಿ ಲೆಕ್ಕ ಇಲ್ಲಿ ಹೊಂದಂಗಿಲ್ಲ. ಹಳಿ ಮ್ಯಾಲ ಭಾರ ಬರೋದು ಮ್ಯಾಲಿಂದ ಕೆಳಗ, ಅದು ನಿಂತು ತಡೀತದ. ಚಾಕು ಬಾಗೋದು ಬಾಜೂಕ. ಬಾಜೂಕ ಬಾಗೋ ಹೊತ್ತಿಗಿ ಅಲಗಿನ ಎರಡು ಮೈಗಳೇ ಹೊರ ಅಂಚು ಆಗ್ತಾವ. ನೀವು ತೋಡು ಹೊಡದದ್ದು ಬರೋಬರ್ ಆ ಮೈಗೇ!

ಪತ್ರಾ ಛತ್ತು (ಆಳಂದ ರೋಡ್)

ಲೇಥ್ ಅಣ್ಣಾ, ಹಂಗಾದ್ರ ಛತ್ತಿನ ಪತ್ರಾಕ್ಕ ಅಲೆ ಅಲೆ ಯಾಕ ಮಾಡ್ತಾರ? ಸಪಾಟ ಪತ್ರಾ ಕೈಯಾಗ ಹಿಡದ್ರ ಹಪ್ಪಳದಂಗ ಬಾಗ್ತದ. ಅಲೆ ಇದ್ದದ್ದರ ಮ್ಯಾಲ ಮನಷ್ಯಾ ನಡೀತಾನ. ನಾಲಿ ಬಿದ್ದಷ್ಟು ಗಟ್ಟಿ.

ಗಂಜ್ ಲೇಥ್

ಪತ್ರಾದಾಗ ಒಂದು ತೊಲಿ ಕಬ್ಬಿಣನೂ ಕಮ್ಮಿ ಆಗಿರಂಗಿಲ್ಲೋ ತಮ್ಮಾ. ಅದೇ ತೆಳು ಹಾಳಿ ಮಡಚಿ ಮ್ಯಾಲ ಕೆಳಗ ಮಾಡ್ಯಾರ. ಈ ಮೈಯಾಗ ತಗ್ಗು ಬಿದ್ರ ಆ ಮೈಯಾಗ ದಿಬ್ಬ ಏಳ್ತದ. ಚಾಕುವಿನ ಎರಡೂ ಮೈಗೆ ತಗ್ಗೇ ಅದ, ದಿಬ್ಬ ಎಲ್ಲದ? ಕೊರದದ್ದು ಬ್ಯಾರೆ, ಮಡಚಿದ್ದು ಬ್ಯಾರೆ.

ಪತ್ರಾ ಛತ್ತು (ಆಳಂದ ರೋಡ್)

ಹೌದಲ್ಲ. ಇದು ನನ್ನ ತಲ್ಯಾಗ ಬಂದಿದ್ದಿಲ್ಲ.

ಗಂಜ್ ಲೇಥ್

ಬಾಯಿಮಾತು ಬ್ಯಾಡ ಅಂತ ಇವತ್ತು ಊಟದ ಸುಟ್ಟ್ಯಾಗ ಮಾಡಿ ನೋಡ್ದೆ. ಹಾರ್ಡ್‌ವೇರ್ ಅಂಗಡ್ಯಾಗ ಸಿಗೋ ಸಾದಾ ಕಬ್ಬಿಣದ ಪಟ್ಟಿ, 30 ಮಿ.ಮೀ. ಅಗಲ, 5 ಮಿ.ಮೀ. ದಪ್ಪ. ಎರಡು ತುಂಡು ಮಾಡಿದೆ. ಒಂದನ್ನ ಹಂಗೇ ಬಿಟ್ಟೆ. ಇನ್ನೊಂದರ ಎರಡೂ ಮೈಗೆ ನಟ್ಟನಡುವ 10 ಮಿ.ಮೀ. ಅಗಲದ ಗುಂಡ ತೋಡು ಹೊಡದೆ, ನಡುವ ಒಂದೂವರಿ ಮಿ.ಮೀ. ಆಳ. ಒಂದು ತುದಿ ವೈಸ್‌ದಾಗ ಬಿಗದು, 30 ಸೆಂ.ಮೀ. ಹೊರಗ ಬಿಟ್ಟು, ಆ ತುದಿಗಿ 5 ಕಿಲೋ ತೂಕದ ಕಲ್ಲು ತೂಗಬಿಟ್ಟೆ.

ಮಲಗಿಸಿ ಬಿಗದಾಗ ಸಾದಾ ಪಟ್ಟಿ 7 ಮಿ.ಮೀ. ಇಳೀತು. ನಾಲಿ ಹೊಡದದ್ದು 9 ದಾಟಿತು. ಈಗ ಹೇಳ್ರಿ ಮಾಸ್ತರ್ರೇ, ಬಲ ಬಂತೋ, ಹೋಯ್ತೋ? (ನಿಲ್ಲಿಸಿ ಬಿಗದೂ ನೋಡ್ದೆ. ಎರಡೂ ಅಳ್ಳಾಡಲಿಲ್ಲ, ನನ್ನ ಸ್ಕೇಲಿಗಿ ಸಿಗೋವಷ್ಟು ಇಳೀಲಿಲ್ಲ.)

ಬ್ರಹ್ಮಪುರ ಹುಡುಗ

ಮಾಸ್ತರ ಔಟ್!

ಪಾಲಿಟೆಕ್ನಿಕ್ ಮಾಸ್ತರ

ಔಟ್ ಅಂತಲೇ ಇಟ್ಟುಕೊಳ್ಳಿ, 'ಬಲ ಬರುತ್ತದೆ' ಅಂದದ್ದು ನನ್ನ ತಪ್ಪು. ತರಗತಿಯಲ್ಲಿ ಹುಡುಗರು ಹಾಗೆ ಬರೆದರೆ ನಾನೇ ಕೆಂಪು ಗೀರು ಎಳೆಯುತ್ತಿದ್ದೆ. ಆದರೆ ನಿಮ್ಮ ಪ್ರಯೋಗ ಇನ್ನೂ ಮುಗಿದಿಲ್ಲ ಅಣ್ಣ.

ನಿಮ್ಮದೇ ಅಳತೆ ತೆಗೆದುಕೊಳ್ಳೋಣ. ಸಾದಾ ಪಟ್ಟಿಯನ್ನು ಅಡ್ಡ ಕೊಯ್ದರೆ 150 ಚದರ ಮಿ.ಮೀ. ಎರಡು ತೋಡು ಸೇರಿ ಹೋದದ್ದು ಸುಮಾರು 20. ಅಂದರೆ ತೂಕ ಶೇ 13 ಇಳಿಯಿತು. ನಿಲ್ಲಿಸಿ ಬಗ್ಗಿಸಿದರೆ ಬಾಗದೆ ನಿಲ್ಲುವ ಗುಣದಲ್ಲಿ ಹೋದದ್ದು ಶೇ 1 ಸಹ ಅಲ್ಲ, ಹಳಿಯ ಲೆಕ್ಕ ಅಲ್ಲಿ ಪೂರ್ತಿ ಹೊಂದುತ್ತದೆ. ಮಲಗಿಸಿ ಬಗ್ಗಿಸಿದರೆ ಮಾತ್ರ ಶೇ 24 ಹೋಗುತ್ತದೆ, ಏಕೆಂದರೆ ಆ ದಿಕ್ಕಿನಲ್ಲಿ ಬಿಗಿ ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ತಕ್ಕಂತೆ ಏರಿಳಿಯುತ್ತದೆ. ನಿಮ್ಮ 7 ಮತ್ತು 9 ಲೆಕ್ಕಕ್ಕೆ ಸರಿಯಾಗಿ ಕೂತಿವೆ. ಅಡಿಕೋಲು ಹಿಡಿದು ಇಷ್ಟು ನಿಖರವಾಗಿ ಅಳೆದಿರಲ್ಲ, ನಮ್ಮ ಲ್ಯಾಬ್‌ನಲ್ಲಿ ಇಷ್ಟು ಬರುವುದಿಲ್ಲ.

ಈಗ ಇನ್ನೊಂದು ಮಾಡಿ. ಮೂರನೇ ಪಟ್ಟಿ ತೆಗೆದುಕೊಂಡು, ತೋಡು ಹೊಡೆಯದೆ, ಇಡೀ ಮೈ ಸಮನಾಗಿ ಕೆತ್ತಿ 4.3 ಮಿ.ಮೀ. ದಪ್ಪಕ್ಕೆ ತನ್ನಿ. ಅದರ ತೂಕ ಮತ್ತು ತೋಡಿನ ಪಟ್ಟಿಯ ತೂಕ ಒಂದೇ ಆಗುತ್ತದೆ. ಆಮೇಲೆ ತೂಗಿ.

ಗಂಜ್ ಲೇಥ್

ನಾಳಿ ಆಗ್ತದ. ಇವತ್ತು ಒಬ್ಬರ ಬೋರ್‌ವೆಲ್ ಪಂಪಿನ ಶಾಫ್ಟ್ ಬಂದದ.

ಕುಲುಮಿ ಮನಿ (ಚಿಂಚೋಳಿ ಕಡಿ)

ನೀವು ಇಬ್ಬರೂ ಕೆತ್ತಿ ತೆಗಿಯೋ ಮಾತು ಆಡ್ಲಕತ್ತೀರಿ. ನಾಲಿ ಹುಟ್ಟಿದ್ದು ಕೆತ್ತೋದರಿಂದ ಅಲ್ರಿ, ಬಡಿಯೋದರಿಂದ. ನಾವು ಕಂಬಾರ್ರು. ಈಗ ನಾ ಕಲಬುರಗ್ಯಾಗ ಬ್ಯಾರೆ ನೌಕರಿ ಮಾಡ್ತೀನಿ, ಆದ್ರ ಹತ್ತನೇ ಕ್ಲಾಸಿನತನಕ ಅಪ್ಪನ ಕುಲುಮ್ಯಾಗ ತಿದಿ ಊದೀನಿ, ಸಮ್ಮಟಿಗಿ ಹೊಡದೀನಿ.

ಹೆಂಗ ಮಾಡ್ತಿದ್ರು ಹೇಳ್ತೀನಿ. ಲಾರಿ ಕಮಾನ್ ಪಟ್ಟಿ ತುಂಡು ಕೆಂಪಗ ಕಾಸ್ಬೇಕು, ಹಣ್ಣಾದ ಕಿತ್ತಳೆ ಬಣ್ಣ ಬರ್ಬೇಕು. ಅಪ್ಪ ಎಡಗೈಯಾಗ ಇಕ್ಕಳದಿಂದ ಅದನ್ನ ಅಡಿಗಲ್ಲಿನ ಮ್ಯಾಲ ಹಿಡೀತಿದ್ರು. ಬಲಗೈಯಾಗ ಗುಂಡ ಮೂತಿ ಇದ್ದ ಒಂದು ಹತ್ಯಾರ, ಅದಕ್ಕ ಬೆತ್ತದ ಹಿಡಿ. ಕಟಗಿ ಹಿಡಿ ಇದ್ರ ಏಟಿಗಿ ಕೈ ಝುಂ ಅಂತದ. ಆ ಮೂತಿ ಅಲಗಿನ ನಡುವ ಇಟ್ಟು, "ಹ್ಞಾಂ" ಅಂದ್ರ ನಾ ಸಮ್ಮಟಿಗಿ ಹೊಡೀಬೇಕು. ಒಂದು ಏಟು, ಅರ್ಧ ಬೆರಳು ಸರಿಸೋದು, ಮತ್ತ ಒಂದು ಏಟು. ಏಳೆಂಟು ಏಟಿಗಿ ಬಣ್ಣ ಇಳೀತದ, ಮತ್ತ ಬೆಂಕ್ಯಾಗ.

ಹಿಂಗ ಒತ್ತಿದಾಗ ಕಬ್ಬಿಣ ಎಲ್ಲಿಗಿ ಹೋಗ್ತದ? ಮಾಯ ಆಗಂಗಿಲ್ಲ. ರೊಟ್ಟಿ ತಟ್ಟೋದು ನೋಡೀರಿಲ್ಲ? ಹಿಟ್ಟಿನ ನಡುವ ಬೆರಳಿಂದ ಒತ್ತಿದ್ರ ಅದು ಅಂಚಿಗಿ ಸರೀತದ, ರೊಟ್ಟಿ ಅಗಲ ಆಗ್ತದ. ಹಂಗೇ ಅಲಗು ಎರಡು ಬಾಜೂಕ ಅಗಲ ಆಗ್ತದ. ಅಷ್ಟೇ ಕಬ್ಬಿಣದಾಗ ಅಗಲ ಅಲಗು ಸಿಗ್ತದ. ಹಿಂದಕ ಕಬ್ಬಿಣ ತುಟ್ಟಿ, ಇದ್ದಲಿ ತುಟ್ಟಿ. ಒಂದು ಬಟ್ಟಲ ಹಿಟ್ಟಿನಾಗ ಎರಡು ರೊಟ್ಟಿ ಮಾಡೋ ಯುಕ್ತಿ ಅದು. ರಕ್ತ-ಗಿಕ್ತ ಅಂತ ನಮ್ಮಪ್ಪ ಒಮ್ಮೀನೂ ಅಂದಿಲ್ಲ.

ಪಾಲಿಟೆಕ್ನಿಕ್ ಮಾಸ್ತರ

ಇದು ಅಸಲಿ ಉತ್ತರ. 'ಫುಲ್ಲರ್' ಅನ್ನುವುದು ನೀವು ಹೇಳಿದ ಆ ಗುಂಡು ಮೂತಿಯ ಹತ್ಯಾರಕ್ಕೂ ಹೆಸರು.

ಬೀದರ್ ಕೋಟಿ ತಿರಗಾಟ

ಕೋಟೆಯೊಳಗಿನ ಮ್ಯೂಸಿಯಂಗೆ ಹೋದಾಗೆಲ್ಲ ಹಳೇ ಆಯುಧದ ಮುಂದೆ ಅರ್ಧ ತಾಸು ನಿಲ್ಲುವ ಚಟ ನನ್ನದು. ದಖನ್ನಿನ ಹಳೇ ಕತ್ತಿಗಳಲ್ಲಿ ಫಿರಂಗಿ ಅನ್ನುವ ಜಾತಿ ಇದೆ. ನಮ್ಮಲ್ಲಿ ಫಿರಂಗಿ ಅಂದರೆ ತೋಪು, ಆದರೆ ಈ ಕತ್ತಿಗೂ ಅದೇ ಹೆಸರು, ಏಕೆಂದರೆ ಅಲಗು ಫಿರಂಗಿಯವರದ್ದು. ಯುರೋಪಿನಲ್ಲಿ ಬಡಿದ ನೇರ ಅಲಗು ಪೋರ್ಚುಗೀಸರ ಕಾಲದಿಂದ ಹಡಗಿನಲ್ಲಿ ಬರುತ್ತಿತ್ತು, ಹಿಡಿ ಇಲ್ಲಿ ಕೂರಿಸುತ್ತಿದ್ದರು. ಅಂಥ ಅಲಗುಗಳ ಮೇಲೆ ಒಂದೋ ಎರಡೋ ಮೂರೋ ತೋಡು ಉದ್ದಕ್ಕೂ ಇರುತ್ತವೆ.

ಆದರೆ ತೋಡೊಂದೇ ದಾರಿಯಲ್ಲ. ಪೇಶ್‌ಕಬ್ಜ್ ಎಂಬ ಬಾಕುವಿನ ಬೆನ್ನು ಅಡ್ಡ ಕೊಯ್ದರೆ ಇಂಗ್ಲಿಷಿನ ಟೀ ಅಕ್ಷರದ ಹಾಗೆ ಕಾಣುತ್ತದೆ. ಬೆನ್ನು ಅಗಲ, ಕೆಳಗೆಲ್ಲ ತೆಳು. ಸರಪಳಿ ಕವಚದ ಬಳೆ ಬಿಡಿಸಿಕೊಂಡು ಹೋಗುವಾಗ ಬಾಗಬಾರದು ಅಂತ. ಖಂಡಾ ಕತ್ತಿಗೆ ಇನ್ನೊಂದು ಉಪಾಯ: ತೆಳು ಅಲಗು ಮಾಡಿ, ಅದರ ಬೆನ್ನಿಗೆ ಬೇರೆ ಪಟ್ಟಿ ಕೂರಿಸಿ ಬಿಗಿ ಮಾಡುವುದು. ಮೂವರು ಕಂಬಾರರಿಗೆ ಒಂದೇ ತಲೆನೋವು, ತೂಕ ಬೇಡ, ಬಾಗುವುದೂ ಬೇಡ. ಮೂವರ ಮದ್ದೂ ಬೇರೆ ಬೇರೆ. ಮೂರರಲ್ಲಿ ಒಂದಕ್ಕೂ ರಕ್ತದ ಉಸಾಬರಿ ಇಲ್ಲ.

(ವಿಷಯ ಬಿಟ್ಟು ಒಂದು ಮಾತು: ಲೋಕಕ್ಕೆಲ್ಲ ಹೆಸರಾದ 'ಊಟ್ಸ್' ಉಕ್ಕಿನ ಆ ಪದ ನಮ್ಮ 'ಉಕ್ಕು' ಎಂಬುದರಿಂದಲೇ ಹೋಗಿದೆ ಎಂದು ಬಹಳ ಜನ ವಿದ್ವಾಂಸರು ಹೇಳುತ್ತಾರೆ. ಕನ್ನಡದವರು ಇದನ್ನು ಎಲ್ಲಿ ಬೇಕಾದರೂ ತೂರಿಸುತ್ತಾರೆ ಅಂತ ಬೈಯಬೇಡಿ.)

ಮಾಜಿ ಫೌಜಿ (ಸೇಡಂ)

ನಾನು 17 ವರ್ಷ ಫೌಜಿನಾಗ ಇದ್ದೆ. ಗೋರ್ಖಾ ಮಂದಿ ಜೊತಿ ಎರಡು ವರ್ಷ. ಅವರ ಖುಕ್ರಿ ಮ್ಯಾಲ ಬೆನ್ನಿನ ಬಾಜೂಕ ನಾಲಿ ಇರ್ತಾವ, ಮೂರು ನಾಲಿ ಇದ್ರ 'ತೀನ್ ಚಿರ್ರಾ' ಅಂತಾರ. ಖುಕ್ರಿ ದಪ್ಪನ್ನ ಹತ್ಯಾರ, ಬೆನ್ನು ಬೆರಳಿನಷ್ಟು. ನಾಲಿ ಇದ್ದದ್ದು ಕೈಯಾಗ ಹಿಡದ್ರ ಹಗರ ಅನಸ್ತದ. ಹಳೇ 1907ರ ಮಾಡೆಲ್ ಬಯೋನೆಟ್ ನೋಡೀನಿ, 17 ಇಂಚಿನ ಅಲಗು, ಅದಕ್ಕೂ ನಾಲಿ. ಅಷ್ಟುದ್ದದ್ದು ಬಂದೂಕಿನ ಮೂತಿಗಿ ಹಾಕಿ ಹಿಡೀಬೇಕಂದ್ರ ಒಂದೊಂದು ತೊಲಿಗೂ ಲೆಕ್ಕ ಅದ. ಟ್ರೇನಿಂಗ್‌ದಾಗ ಉಸ್ತಾದ್ ನಮಗ ರಕ್ತದ ಕಥಿನೇ ಹೇಳಿದ್ರು. ನಾವು ನಂಬಿದ್ವಿ. ಉಸ್ತಾದ್‌ಗೆ ಎದುರು ಮಾತು ಆಡಿದ್ರ ಗ್ರೌಂಡಿಗಿ ಹತ್ತು ಸುತ್ತು.

ಗಂಜ್ ಲೇಥ್

ಮಾಡ್ದೆ. ಮೂರನೇ ಪಟ್ಟಿ 4.3ಕ್ಕ ಇಳಿಸಿ ತಕ್ಕಡ್ಯಾಗ ಇಟ್ರ ನಾಲಿ ಪಟ್ಟಿ ಮತ್ತು ಇದು ಸಮ ನಿಂತವು. ವೈಸ್‌ದಾಗ ಹಾಕಿ ಅದೇ 5 ಕಿಲೋ ತೂಗಬಿಟ್ಟೆ. 11 ಮಿ.ಮೀ. ಇಳೀತು. ನಾಲಿ ಹೊಡದದ್ದು 9 ಚಿಲ್ಲರಿ ಇತ್ತು.

ಅಂದ್ರ ಮಾಸ್ತರ್ರ ಮಾತೂ ಖರೆ, ನಂದೂ ಖರೆ. ದಪ್ಪ ಅಷ್ಟೇ ಇಟ್ಟು ನಾಲಿ ಕೊರದ್ರ ಬಿಗಿ ಹೋಗ್ತದ. ತೂಕ ಅಷ್ಟೇ ಇಟ್ಟು ನೋಡಿದ್ರ ನಾಲಿ ಇದ್ದದ್ದೇ ಬಿಗಿ. ಎರಡು ದಿನ ನಾವು ಬ್ಯಾರೆ ಬ್ಯಾರೆ ಪ್ರಶ್ನಾಕ್ಕ ಉತ್ತರ ಕೊಟ್ಟು ಜಗಳಾಡ್ಲಕತ್ತಿದ್ವಿ.

ಪಾಲಿಟೆಕ್ನಿಕ್ ಮಾಸ್ತರ

ನನ್ನ ಲೆಕ್ಕದಲ್ಲಿ ಸಮ ತೂಕದ ಸಾದಾ ಪಟ್ಟಿಗಿಂತ ತೋಡಿನದ್ದು ಶೇ 16-17 ಬಿಗಿ ಬರಬೇಕು. ನಿಮ್ಮ ಅಳತೆಯೂ ಅಲ್ಲೇ ಹತ್ತಿರ ಬಂತು. ಅನುಮತಿ ಕೊಟ್ಟರೆ ಮುಂದಿನ ವಾರ ಹುಡುಗರನ್ನು ನಿಮ್ಮ ವರ್ಕ್‌ಶಾಪಿಗೆ ಕರೆತರುತ್ತೇನೆ.

ಗಂಜ್ ಲೇಥ್

ಬರ್ರಿ. ಚಹಾ ನಂದು. ಮೊಬೈಲ್ ಹೊರಗ ಇಟ್ಟು ಬರಲಿ ಹುಡುಗರು, ಮಶೀನ್ ಚಾಲೂ ಇರ್ತಾವ.

ಅಡಿಗಿಮನಿ ಅಕ್ಕ (ಹುಮನಾಬಾದ್)

ಗಂಡಸರು ಬರೀ ಕತ್ತಿ, ಬಯೋನೆಟ್ ಅಂತ ಕುಂತೀರಿ. ನನ್ನ ಪ್ರಶ್ನಿ ಅಡಿಗಿಮನಿದು. ಬೆಂಗಳೂರಿನಿಂದ ಮಗ ಒಂದು ಜಪಾನಿ ನಮೂನಿ ಚಾಕು ತಂದಾನ, ಸಂಟೋಕು ಅಂತಾನ. ಅದರ ಮೈಗೆ ಸಾಲಾಗಿ ಮೊಟ್ಟಿ ಆಕಾರದ ತಗ್ಗು ಅವ. ಹೆಚ್ಚಿದ ಆಲೂಗಡ್ಡಿ ಅಂಟಂಗಿಲ್ಲ ಅಂತ ಡಬ್ಬಿ ಮ್ಯಾಲ ಬರದಾರ. ನನಗ ನಂಬಿಕಿ ಬರಲಿಲ್ಲ, ಎಣಿಸಿದೆ. ಆಲೂಗಡ್ಡಿ 20 ಬಿಲ್ಲಿ ಹೆಚ್ಚಿದ್ರ ಸಾದಾ ಚಾಕುವಿಗಿ 17 ಅಂಟಿದ್ವು, ಇದಕ್ಕ 15. ಸವತಿಕಾಯಿ ಎರಡಕ್ಕೂ ಅಷ್ಟಷ್ಟೇ. ಪನೀರ್ ಮಾತ್ರ ಫರಕ್ ಬಿತ್ತು, 20ರಾಗ ಸಾದಾದ್ದಕ್ಕ 9, ಇದಕ್ಕ 4. ಇಷ್ಟಕ್ಕ ಸಾವಿರದ ಮ್ಯಾಲ ರೊಕ್ಕ ಕೊಟ್ಟಾನ.

ಪಾಲಿಟೆಕ್ನಿಕ್ ಮಾಸ್ತರ

ಅಕ್ಕಾ, ಆ ತಗ್ಗಿನ ಜಾತಿಯೇ ಬೇರೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1928ರಲ್ಲಿ ಪೇಟೆಂಟ್ ಆದ ಗ್ರಾಂಟನ್ ಅಲಗಿನ ಉಪಾಯ ಅದು. ಒದ್ದೆ ಬಿಲ್ಲೆ ಸಪಾಟು ಅಲಗಿಗೆ ಅಂಟುವುದು ನಡುವೆ ಗಾಳಿ ಇಲ್ಲದ್ದರಿಂದ, ನೀರಿನ ತೆಳು ಪೊರೆಯಿಂದ. ತಗ್ಗಿನಲ್ಲಿ ಚೂರು ಗಾಳಿ ನಿಂತರೆ ಅಂಟು ಬಿಡುತ್ತದೆ. ಬ್ರಹ್ಮಪುರದ ಹುಡುಗ ಹೇಳಿದ ಗಾಳಿಯ ಲೆಕ್ಕ ಇಲ್ಲಿ ಸ್ವಲ್ಪ ನಡೆಯುತ್ತದೆ ನೋಡಿ!

ಮೂಲ ಗ್ರಾಂಟನ್ ಅಲಗಿನಲ್ಲಿ ತಗ್ಗುಗಳು ಎರಡೂ ಮೈಗೆ ಒಂದು ಬಿಟ್ಟು ಒಂದು ಬರುತ್ತವೆ, ಬಾಯಿಯವರೆಗೂ ಇಳಿಯುತ್ತವೆ. ಮಾಂಸ, ಮೀನು ತೆಳ್ಳಗೆ ಕೊಯ್ಯುವವರಿಗೆ ಮಾಡಿದ್ದು. ನಿಮ್ಮ ಚಾಕುವಿನಲ್ಲಿ ಬಾಯಿಯಿಂದ ತಗ್ಗು ಎಷ್ಟು ದೂರ ಇವೆ, ನೋಡಿ.

ಅಡಿಗಿಮನಿ ಅಕ್ಕ (ಹುಮನಾಬಾದ್)

ಅರ್ಧ ಬೆರಳು ಮ್ಯಾಲ ಅವ. ತಗ್ಗು ಮುಟ್ಟೋದರೊಳಗ ಬಿಲ್ಲಿ ಅಂಟೇ ಬಿಟ್ಟಿರ್ತದ. ನನ್ನ ಈಳಿಗಿನೇ ಚಲೋ. ನಿಂತ ಅಲಗು, ಹೆಚ್ಚಿದ್ದು ತಾನೇ ಪರಾತದಾಗ ಬೀಳ್ತದ.

ಬ್ರಹ್ಮಪುರ ಹುಡುಗ

ಪನೀರ್‌ದಾಗರೆ ನಾ ಗೆದ್ದೆ. ಬರದು ಇಟ್ಕೊಳ್ರಿ.

ಬಿದರಿ ಕೆಲಸ

ನಮ್ಮ ಕಸುಬೇ ತೋಡು ಹೊಡೆಯೋದು, ಅದಕ್ಕ ಒಂದು ಮಾತು. ನಿನ್ನಿ ಒಬ್ಬರು ನನಗ ಬ್ಯಾರೆ ಕಡಿ ಕೇಳಿದ್ರು, ಬಿದರಿ ಕತ್ತಿ ಮ್ಯಾಲಿನ ಗೀರೂ ಹಗರ ಮಾಡ್ಲಾಕೇನು ಅಂತ. ಅಲ್ಲ. ಬಿದರಿ ಲೋಹ ಸತುವು, ಅದಕ್ಕ ಚೂರು ತಾಮ್ರ, 16ಕ್ಕ 1 ಲೆಕ್ಕ. ಅದಕ್ಕ ಬಾಯಿ ನಿಲ್ಲಂಗಿಲ್ಲ, ಕೈ ಜಾರಿ ಫರಸಿ ಮ್ಯಾಲ ಬಿದ್ರ ಒಡೀತದ. ಅದರ ಅಲಗು ಯಾರೂ ಮಾಡಂಗಿಲ್ಲ, ಹಿಡಿ ಆಗ್ತದ ಅಷ್ಟೇ.

ನಾವು ಮೊದಲ ಮೈಗೆ ಮೈಲುತುತ್ತದ ನೀರು ಹಚ್ಚಿ ಕರಿ ಮಾಡ್ತೀವಿ, ಉಳಿ ಗೀರು ಬೆಳ್ಳಗ ಎದ್ದು ಕಾಣ್ಲಿ ಅಂತ. ಬಳ್ಳಿ, ಹೂವು ಕೈಯಿಂದನೇ ಕೊರೀತೀವಿ. ಆ ಗೀರಿನಾಗ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗಿಲೆ ತಟ್ಟಿ ಕುಂದರಿಸೋದು. ಕಡೀಕ ಬೀದರ್ ಕೋಟೆ ಮಣ್ಣು, ನವಸಾಗರ ಹಾಕಿ ಕಾಸಿದ್ರ ಸತುವು ಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ನಮ್ಮ ತೋಡು ಇರೋದು ತುಂಬ್ಲಾಕ, ನಿಮ್ಮದು ಖಾಲಿ ಇರ್ಲಾಕ. ಆದ್ರ ಉಳಿ ಒಂದು ಕೂದಲಷ್ಟು ಆಳ ಹೋದ್ರ ನಮಗೂ ಮಾಲು ಹೋಯ್ತು.

ಭತ್ತದ ಗದ್ದಿ (ಶಹಾಪುರ)

ಯಾದಗಿರಿ ಕಡಿಯವ್ರು ಯಾರೂ ಮಾತಾಡಿಲ್ಲ ಅಂತ ಬಂದೆ. ಕುಲುಮಿ ಅಣ್ಣಾ, ನಮ್ಮಲ್ಲಿ ಕಾಲುವಿ ನೀರು ಬಂದ ಮ್ಯಾಲ ಭತ್ತ ಹಾಕ್ತೀವಿ. ಕೊಯ್ಲಿನ ಹಲ್ಲಿನ ಕುಡಗೋಲಿಗಿ ಒಂದೇ ಮೈಗೆ ಸಣ್ಣ ಸಣ್ಣ ಗೀರು ಇರ್ತಾವಲ್ಲ, ಇನ್ನೊಂದು ಮೈ ನುಣ್ಣಗ. ಅದು ಯಾಕ ಹಂಗ? ಎರಡೂ ಮೈಗೆ ಹಾಕಿದ್ರ ಇನ್ನೂ ಚೂಪು ಆಗಬೇಕಲ್ಲ?

ಕುಲುಮಿ ಮನಿ (ಚಿಂಚೋಳಿ ಕಡಿ)

ಇಷ್ಟು ಹೊತ್ತು ಯಾರೂ ಕೇಳದ ಛೊಲೊ ಪ್ರಶ್ನಿ ಕೇಳಿದಿ ತಮ್ಮಾ. ಈ ಎಲ್ಲಾ ನಾಲ್ಯಾಗ ಖರೇನೆ ಕೊಯ್ಯೋ ಕೆಲಸ ಮಾಡೋ ನಾಲಿ ಅದೊಂದೇ.

ಹದ ಹಾಕೋಕ ಮೊದಲ, ಕಬ್ಬಿಣ ಮೆತ್ತಗ ಇದ್ದಾಗ, ಚೂಪ ಉಳಿಲೆ ಒಂದೇ ಮೈಗೆ ಓರೆಯಾಗಿ ಒತ್ತೊತ್ತಾಗಿ ಗೀರು ಹಾಕ್ತೀವಿ. ಗೀರು ಬಾಯಿಗಿ ಬಂದು ಮುಟ್ಟಿದ ಕಡಿ ಒಂದೊಂದು ಹಲ್ಲು ಆಗ್ತದ. ಆಮ್ಯಾಲ ಕಾಸಿ ನೀರು ಕುಡಸೋದು. ಬಾಯಿ ಹೋದಾಗ ಗೀರಿನ ಮೈ ಮುಟ್ಟಬಾರದು, ನುಣ್ಣನ ಮೈನೇ ಕಲ್ಲಿಗಿ ತೇಯಬೇಕು. ನುಣ್ಣನ ಮೈ ಸವದಂಗ ಸವದಂಗ ಗೀರಿನ ತುದಿ ಮತ್ತ ಬಾಯಿಗಿ ಬರ್ತದ, ಹೊಸ ಹಲ್ಲು ತಾನೇ ಏಳ್ತದ. ಗೀರು ಮುಗಿಯೋತನಕ ಹಲ್ಲು ಮುಗಿಯಂಗಿಲ್ಲ. ಎರಡೂ ಮೈಗೆ ಹಾಕಿದ್ರ ತೇಯೋದು ಎಲ್ಲಿ? ಒಂದು ಸಲ ತೇದ್ರ ಆ ಕಡಿ ಹಲ್ಲೆಲ್ಲ ಬೋಳು.

ಭತ್ತದ ಗದ್ದಿ (ಶಹಾಪುರ)

ನಮ್ಮವ್ವ ಇಷ್ಟು ವರ್ಷ ಗೀರಿನ ಮೈನೇ ತೇಯಲಕತ್ತಿದ್ಳು. ಅದಕ್ಕೇ ವರ್ಷಕ್ಕೊಂದು ಕುಡಗೋಲು.

ತೊಗರಿ ಹೊಲ (ಕಲಬುರಗಿ)

ಎಲ್ಲರಿಗೂ ಶರಣ್ರೀ. ಲೇಥ್ ಅಣ್ಣನ ವರ್ಕ್‌ಶಾಪಿಗಿ ಹೋಗಿ ನನ್ನ ಚಾಕು ಅಳತಿ ಮಾಡಿಸಿದೆ. ನಾಲಿ 10 ಸೆಂ.ಮೀ. ಉದ್ದ, 6 ಮಿ.ಮೀ. ಅಗಲ, ಆಳ ಬರೀ ಅರ್ಧ ಮಿ.ಮೀ. ಕಲ್ಲಿನ ಚಕ್ರಕ್ಕ ಹಿಡದು ಕೊರದದ್ದು, ಬಡದದ್ದಲ್ಲ, ಗೀರು ಕಾಣಸ್ತಾವ. ಒಂದು ಮೈಯಾಗ ನೆಟ್ಟಗ ಅದ, ಇನ್ನೊಂದು ಮೈಯಾಗ ಜರಾ ಸೊಟ್ಟ.

ಗಂಜ್ ಲೇಥ್

ನಾ ಲೆಕ್ಕ ಹಾಕೀನಿ. ಎರಡೂ ನಾಲಿ ಸೇರಿ ಮೂರು ಗ್ರಾಂ ಕಬ್ಬಿಣ ಹೋಗ್ಯದ. ಒಂದು ಗಜ ಕತ್ತಿಗಾದ್ರ 90-95 ಗ್ರಾಂ ಇಳಿದ್ರ ತೋಳಿಗಿ ಗೊತ್ತಾಗ್ತದ. ಇದಕ್ಕ ಮೂರು ಗ್ರಾಂ ಅಂದ್ರ ಒಂದು ಚಮಚಿ ಅಕ್ಕಿನೂ ಅಲ್ಲ. ಹಿಡಿ ಕಟಗಿ ಮಳಿಗಾಲದಾಗ ಕುಡಿಯೋ ನೀರು ಅದಕ್ಕಿಂತ ಜಾಸ್ತಿ ತೂಗ್ತದ.

ಚೌಕ್ ಮಟನ್

ಅಂದ್ರ ನಾಲಿ ಇರೋದು ಗಿರಾಕಿ ಹಿಡಿಯಾಕ. 130ರ ಚಾಕು 220ಕ್ಕ ಹೋಯ್ತಲ್ಲ.

ತೊಗರಿ ಹೊಲ (ಕಲಬುರಗಿ)

ಅದನ್ನೇ ಮಾವನಿಗಿ ಹೇಳಿದೆ. ಎಲ್ಲಾ ಓದಿಸಿದೆ, ಮಾಸ್ತರ್ರ ಲೆಕ್ಕನೂ, ರೊಟ್ಟಿ ಮಾತೂ. ಮಾವ ಸುಮ್ಮ ಕೇಳಿ, ಫ್ರಿಜ್‌ದಾಗಿಂದ ಕಲ್ಲಂಗಡಿ ತೆಗದು, ಆ ಚಾಕು ಹಿಡಿತನಕ ಚುಚ್ಚಿ, ಹೊಳ್ಳಿ ತೆಗದು ಮೊನಿ ಮ್ಯಾಲ ಮಾಡಿ ಹಿಡದ್ರು. ಕೆಂಪ ನೀರು ನಾಲ್ಯಾಗ ಸಾಲಾಗಿ ಇಳದು ಹಿಡಿ ದಾಟಿ ಅವರ ಅಂಗಿ ತೋಳಿನೊಳಗ ಹೋಯ್ತು. "ಹರೀತೋ ಇಲ್ಲೋ?" ಅಂದ್ರು.

ಒಂಬತ್ತು ಮಂದಿಗಿ ಮಿರ್ಚಿ ನಾನೇ ತರ್ಲಕ ಹೊಂಟೀನಿ. ಅಂಗಿ ತೊಳಿಯೋದು ಮಾವನ ಪಾಲಿಗಿ ಅಂತ ಅತ್ತಿ ತೀರ್ಪು ಕೊಟ್ಟಾರ.